ವಾರ್ಡ್ ಬಿಟ್ಟು ಡಯಾಬಿಟಿಸ್ ಎಜುಕೇಟರ್ ಆಗಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾನು ಉಡುಪಿಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೆಡಿಸಿನ್ ವಾರ್ಡ್‌ನಲ್ಲಿ 4 ವರ್ಷ ಆಯಿತು. ನೈಟ್ ಡ್ಯೂಟಿ ಸಾಕಾಗಿದೆ. ಆದರೆ ರೋಗಿಗಳ ಹತ್ತಿರ ಕೂತು ಮಾತಾಡುವುದು ನನಗೆ ತುಂಬಾ ಇಷ್ಟ. ಮಂಗಳೂರಿನ ಒಂದು ಶುಗರ್ ಕ್ಲಿನಿಕ್‌ನಲ್ಲಿ ರೋಗಿಗಳಿಗೆ ಶುಗರ್ ನಿಭಾಯಿಸುವುದನ್ನು ಹೇಳಿಕೊಡುವ ಎಜುಕೇಟರ್ ಬೇಕಂತೆ. ಕೋರ್ಸ್ ಮಾಡಲೇಬೇಕಾ? ದಿನಾ ಎಂತ ಕೆಲಸ ಇರುತ್ತದೆ? ಸಂಬಳ ಸಾಕಾಗುತ್ತದಾ?

ಮಂಗಳೂರಿನಲ್ಲಿ 11 ವರ್ಷದಿಂದ ಎಜುಕೇಟರ್

ತಂಗಿ, ನಾನೂ ವಾರ್ಡ್‌ನಿಂದಲೇ ಬಂದವಳು. ಹೊಸತರಲ್ಲಿ ಚಾರ್ಟ್ ಹಿಡಿದುಕೊಂಡು ಒಬ್ಬೊಬ್ಬರಿಗೂ ಅರ್ಧ ಗಂಟೆ ಪಾಠ ಮಾಡುತ್ತಿದ್ದೆ. ಎಲ್ಲರೂ ತಲೆ ಆಡಿಸಿ ಹೋಗುತ್ತಿದ್ದರು. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿದರೆ ಇದ್ದಲ್ಲೇ ಇರುತ್ತಿತ್ತು. ಆಮೇಲೆ ಒಬ್ಬರು ರಿಕ್ಷಾ ಡ್ರೈವರ್ ನನ್ನ ಕೆಲಸದ ರೀತಿಯನ್ನೇ ಬದಲಿಸಿದರು.

ಅವರಿಗೆ ಇನ್ಸುಲಿನ್ ಎಷ್ಟು ಕೊಟ್ಟರೂ ಶುಗರ್ ಇಳಿಯುತ್ತಿರಲಿಲ್ಲ. ಡಾಕ್ಟರು ಎರಡು ಸಲ ಡೋಸ್ ಜಾಸ್ತಿ ಮಾಡಿದ್ದರು. "ಸರಿಯಾಗಿ ತಗೊಳ್ತೀರಾ" ಎಂದು ಕೇಳಿದರೆ "ಹೌದು ಅಕ್ಕ, ಒಂದು ದಿನವೂ ತಪ್ಪಿಸಿಲ್ಲ" ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಒಂದು ದಿನ ಸುಮ್ನೆ "ಅಣ್ಣ, ಮನೆಯಲ್ಲಿ ಹೇಗೆ ಮಾಡ್ತೀರೋ ಹಾಗೇ ಇಲ್ಲಿ ಮಾಡಿ ತೋರಿಸಿ" ಎಂದೆ. ಚೀಲದಿಂದ ಸಿರಿಂಜ್ ತೆಗೆದರು. ಕಿತ್ತಳೆ ಬಣ್ಣದ ಮುಚ್ಚಳ! ಅಂದರೆ ಒಂದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ನದ್ದು. ಅವರ ಬಾಟಲಿ ಇದ್ದದ್ದು 40ರದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುತ್ತಿದ್ದದ್ದು 8 ಯೂನಿಟ್ ಮಾತ್ರ. ಮೆಡಿಕಲ್‌ನಲ್ಲಿ ಕೆಂಪು ಇಲ್ಲ ಎಂದು ಕೊಟ್ಟದ್ದನ್ನು ಇವರು ತಂದಿದ್ದರು. ಅಲ್ಲೇ ಕೆಂಪು ಸಿರಿಂಜ್ ಕೊಟ್ಟು ಕಳಿಸುವುದು ದೊಡ್ಡ ಅಪಾಯ, ಯಾಕೆಂದರೆ ಏರಿಸಿದ ಡೋಸ್ ಪೂರ್ತಿ ಒಳಗೆ ಹೋದರೆ ಶುಗರ್ ಒಮ್ಮೆಲೇ ಇಳಿದು ಮನುಷ್ಯ ರಿಕ್ಷಾ ಓಡಿಸುವಾಗಲೇ ತಲೆ ತಿರುಗಿ ಬೀಳಬಹುದು. ಹಾಗಾಗಿ ಅವರನ್ನು ಕೂರಿಸಿ, ಡಾಕ್ಟರ ಹತ್ತಿರ ಓಡಿ ಡೋಸ್ ಹೊಸದಾಗಿ ಬರೆಸಿಕೊಂಡು ಬಂದೆ. ಡೋಸ್ ಬದಲಿಸುವುದು ನಮ್ಮ ಕೈಯಲ್ಲಿ ಇಲ್ಲ, ಇದನ್ನು ಯಾವತ್ತೂ ಮರೆಯಬೇಡಿ.

ಅಲ್ಲಿಂದ ನಾನು ಮಾತು ಕಡಿಮೆ ಮಾಡಿದೆ. ಈಗ ಮೊದಲು ಮಾಡಿಸಿ ನೋಡುತ್ತೇನೆ. ಅಂಗಿ ಎತ್ತಿಸಿ ಹೊಟ್ಟೆ ಮುಟ್ಟಿ ನೋಡುತ್ತೇನೆ, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ಹತ್ತುವುದಿಲ್ಲ. ಇನ್ಸುಲಿನ್ ಪೆನ್ ಒತ್ತಿ 10 ಎಣಿಸುತ್ತಾರಾ, ಅಥವಾ ಕೂಡಲೇ ಎಳೆದುಬಿಡುತ್ತಾರಾ ನೋಡುತ್ತೇನೆ. ಚಪ್ಪಲಿ ತೆಗೆಸಿ ಪಾದ ನೋಡುತ್ತೇನೆ. 10 ಗ್ರಾಂ ಮೊನೊಫಿಲಮೆಂಟ್ (ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ತಾಗಿಸಿದರೂ ಗೊತ್ತಾಗದವರು ಏಪ್ರಿಲ್ ಬಿಸಿಲಿಗೆ ದೇವಸ್ಥಾನದ ಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ಸುತ್ತು ಬಂದು ಬೊಬ್ಬೆ ಎದ್ದರೂ ತಿಳಿಯದೆ ಇರುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಪಾದ ನೋಡಿಕೊಳ್ಳಿ ಎಂದು ಹೇಳಬೇಕು. ಹೋಗಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ.

ಮಲ್ಪೆ ಕಡೆಯವರು ಬಂದರೆ ಬೋಟಿನಲ್ಲಿ ಇನ್ಸುಲಿನ್ ಎಲ್ಲಿಡುತ್ತೀರಿ ಎಂದು ಕೇಳಿ. ಒಬ್ಬರು ಮೀನಿನ ಐಸ್ ಒಳಗೇ ಹುಗಿದು ಇಡುತ್ತಿದ್ದರು, ತಂಪಿರಲಿ ಎಂದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಬಿಸಾಡಬೇಕು. ಉಪಯೋಗಿಸುತ್ತಿರುವ ಬಾಟಲಿ ಜಾಸ್ತಿ ಬಿಸಿ ತಾಗದಿದ್ದರೆ ಫ್ರಿಜ್ ಹೊರಗೂ ಸಾಧಾರಣ ನಾಲ್ಕು ವಾರ ತಾಳುತ್ತದೆ. ಹತ್ತು ದಿನದ ಫಿಶಿಂಗ್‌ಗೆ ಅಷ್ಟು ಸಾಕಲ್ವಾ? ಇಂಜಿನ್‌ನಿಂದ ದೂರ, ನೆರಳಲ್ಲಿ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಇಡಲು ಹೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ದಡದಲ್ಲಿ ಇರುತ್ತದೆ. ಇವರನ್ನು ಗಂಡ ಹೆಂಡತಿ ಒಟ್ಟಿಗೆ ಕೂರಿಸಿ ಹೇಳಿಕೊಡಲು ಅದೇ ಒಳ್ಳೆಯ ಸಮಯ.

ಕೋರ್ಸ್: ನರ್ಸಿಂಗ್, ಡಯೆಟಿಕ್ಸ್ ಅಥವಾ ಫಾರ್ಮಸಿ ಓದಿದವರನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸ್‌ಗಳಿವೆ. ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಷನ್‌ನದ್ದು ಆನ್‌ಲೈನ್‌ನಲ್ಲೇ ಮಾಡಬಹುದು. ಕೆಲಸಕ್ಕೆ ಸೇರಿ ಮಾಡಿ, ಆಗ ಓದಿದ್ದು ತಲೆಗೆ ಹೋಗುತ್ತದೆ. ಸಂಬಳ ನನಗೆ ಶುರುವಿನಲ್ಲಿ ವಾರ್ಡ್‌ಗಿಂತ ಕಡಿಮೆಯೇ ಇತ್ತು, ಸರಿ ಹೋಗಲು ಮೂರು ವರ್ಷ ಬೇಕಾಯಿತು. ಮನೆಗೆ ಸಾಲ ಇದ್ದರೆ ಯೋಚಿಸಿ. ಸರ್ಕಾರಿ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ರೋಗಗಳ) ಕ್ಲಿನಿಕ್‌ಗಳಲ್ಲೂ ಕೌನ್ಸೆಲರ್ ಹುದ್ದೆ ಇರುತ್ತದೆ, ಗುತ್ತಿಗೆ ಮೇಲೆ. ಅದನ್ನೂ ವಿಚಾರಿಸಿ.

ಕುಂದಾಪುರ ಕಡೆಯ ಡಯೆಟಿಷಿಯನ್

ಅಕ್ಕ ಹೇಳಿದ್ದೆಲ್ಲ ಸರಿ. ಊಟದ್ದು ನಾನು ಸೇರಿಸುತ್ತೇನೆ. ನಮ್ಮಲ್ಲಿ ಜಾಸ್ತಿ ಕೇಳುವ ಮಾತು "ಕುಚ್ಚಲಕ್ಕಿ ಅಲ್ವಾ, ಎಷ್ಟು ಉಂಡರೂ ಅಡ್ಡಿಲ್ಲ". ಬೆಳ್ತಿಗೆ ಅಂದರೆ ಬಿಳಿ ಅಕ್ಕಿಗಿಂತ ಅದು ವಾಸಿ ಇರಬಹುದು, ಆದರೆ ಅದೂ ಅಕ್ಕಿಯೇ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಸಂಜೆ ಗೋಳಿಬಜೆ, ರಾತ್ರಿ ಮತ್ತೆ ಅನ್ನ ಆದರೆ ಯಾವ ಮಾತ್ರೆ ತಡೆಯುತ್ತದೆ? ನಾನು ಗ್ರಾಂ ಲೆಕ್ಕ ಹೇಳುವುದಿಲ್ಲ. ನಿಮ್ಮ ಮನೆಯ ಸೌಟಿನಲ್ಲಿ ಎಷ್ಟು ಸೌಟು ಎಂದು ಕೇಳುತ್ತೇನೆ. ನಾಲ್ಕು ಅಂದರೆ ಮೂರಕ್ಕೆ ಇಳಿಸಿ, ಬಿಟ್ಟ ಜಾಗಕ್ಕೆ ಹೆಸರುಕಾಳಿನ ಗಸಿಯೋ ಬಸಳೆಯೋ ಹಾಕಿಸುತ್ತೇನೆ. ಬಂಗುಡೆ, ಬೂತಾಯಿ ಮೀನು ತಿನ್ನಲಿ, ಎಣ್ಣೆಯಲ್ಲಿ ಮುಳುಗಿಸುವ ಬದಲು ಸಾರು ಮಾಡಿ.

ಇನ್ನೊಂದು. ಅಡುಗೆ ಮಾಡುವವರನ್ನು ಬಿಟ್ಟು ಗಂಡಸರಿಗೆ ಮಾತ್ರ ಹೇಳಿ ಕಳಿಸಿದರೆ ಎಲ್ಲ ನೀರಲ್ಲಿ ಹೋಮ. ಹೆಂಗಸರಿಗೇ ಶುಗರ್ ಬಂದಾಗ ಸ್ಥಿತಿ ಇನ್ನೂ ಕಷ್ಟ. ಬೀಡಿ ಕಟ್ಟುವ ಅಮ್ಮಂದಿರು ದಿನವಿಡೀ ಕೂತಲ್ಲೇ ಇರುತ್ತಾರೆ, ಉಳಿದ ಅನ್ನ ಹಾಳಾಗಬಾರದು ಎಂದು ತಾವೇ ಉಣ್ಣುತ್ತಾರೆ. ಅವರಿಗೆ ಬೈಯಬೇಡಿ. ಈಗಾಗಲೇ ಬೇಕಾದಷ್ಟು ಬೈಸಿಕೊಂಡಿರುತ್ತಾರೆ.

ಕಾರ್ಕಳದ ಒಬ್ಬಳು ಅಮ್ಮ

ನಾನು ಈ ಕೆಲಸದವಳಲ್ಲ. ನನ್ನ ಮಗಳಿಗೆ 7 ವರ್ಷ ಇದ್ದಾಗ ಟೈಪ್ 1 ಎಂದು ಗೊತ್ತಾಯಿತು. ಇನ್ಸುಲಿನ್ ಚುಚ್ಚಲು ನನ್ನ ಕೈ ಬರಲೇ ಇಲ್ಲ. ಎಜುಕೇಟರ್ ಮೇಡಂ ಹೊಸ ಸೂಜಿ ತೆಗೆದು, ಔಷಧ ಇಲ್ಲದೆ ತಮ್ಮ ಹೊಟ್ಟೆಗೇ ಚುಚ್ಚಿಕೊಂಡು ಮಗಳಿಗೆ ತೋರಿಸಿದರು. ಮಗು ಅಳು ನಿಲ್ಲಿಸಿ ನೋಡುತ್ತಾ ಕೂತಿತು. ಊರಲ್ಲಿ ಎಲ್ಲರೂ ಕಷಾಯ ಕೊಡಿ, ಇನ್ಸುಲಿನ್ ಬಿಡಿಸಿ ಎನ್ನುತ್ತಿದ್ದರು. ಮೇಡಂ ನನ್ನ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಳುವಿನಲ್ಲಿ, ಈ ಮಗುವಿನ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿದೆ, ನಿಲ್ಲಿಸಿದರೆ ಕೆಲವೇ ದಿನದಲ್ಲಿ ಜೀವಕ್ಕೆ ಅಪಾಯ ಎಂದು ನಿಧಾನವಾಗಿ ಹೇಳಿದರು. ಅತ್ತೆ ಆಮೇಲೆ ಕಷಾಯದ ಮಾತೆತ್ತಲಿಲ್ಲ. ಶಾಲೆಯ ಟೀಚರಿಗೂ ಫೋನ್ ಮಾಡಿ ಹೇಳಿಕೊಟ್ಟರು: ಶುಗರ್ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಈಗ ಮಗಳು ಪಿಯುಸಿ. ನೀವು ಈ ಕೆಲಸಕ್ಕೆ ಬನ್ನಿ ತಂಗಿ.

ಮೊದಲು ಈ ಕೆಲಸದಲ್ಲಿದ್ದವನು

ಸೇರುವ ಮೊದಲು ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ. ನಾನು ಕೂರುತ್ತಿದ್ದದ್ದು ಕ್ಲಿನಿಕ್‌ನಲ್ಲಿ, ಸಂಬಳ ಮಾತ್ರ ಔಷಧ ಕಂಪನಿಯ ಪರವಾಗಿ ಒಂದು ಏಜೆನ್ಸಿಯಿಂದ. ತಿಂಗಳ ಕೊನೆಗೆ ಎಷ್ಟು ಜನರಿಗೆ ಪೆನ್ ಕೊಡಿಸಿದೆ ಎಂದು ಲೆಕ್ಕ ಕೇಳುತ್ತಿದ್ದರು. ಬಾಟಲಿಯೇ ಕಷ್ಟದಲ್ಲಿ ಕೊಳ್ಳುವವರಿಗೆ ದುಬಾರಿ ಪೆನ್ ಹೇಳಲು ಮನಸ್ಸಾಗಲಿಲ್ಲ. ಒಂದು ವರ್ಷಕ್ಕೆ ಬಿಟ್ಟೆ. ಎಲ್ಲ ಕಡೆ ಹೀಗಿಲ್ಲ, ಆದರೆ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಹೆದರಿಕೆ ಇದೆ. ನನಗೆ ತುಳು, ಕನ್ನಡ ಬರುತ್ತದೆ. ಇಲ್ಲಿನ ಮುಸ್ಲಿಮರ ಬ್ಯಾರಿ ಭಾಷೆ ಬರಲ್ಲ, ಕೊಂಕಣಿ ಅಷ್ಟಕ್ಕಷ್ಟೆ. ರಂಜಾನ್ ಉಪವಾಸ ಹಿಡಿಯುವವರಿಗೆ ಏನು ಹೇಳುವುದು?

ಮಂಗಳೂರಿನಲ್ಲಿ 11 ವರ್ಷದಿಂದ ಎಜುಕೇಟರ್

ತಂಗಿ, ಭಾಷೆ ಬರುತ್ತದೆ. ತುಳುವಿನಲ್ಲಿ "ವನಸ್ ಆಂಡಾ, ಕಜಿಪು ದಾನೆ" (ಊಟ ಆಯಿತಾ, ಪದಾರ್ಥ ಏನು) ಎಂದು ಕೇಳಿದರೆ ಸಾಕು, ಊಟದ ಪೂರ್ತಿ ಕಥೆ ಹೊರಗೆ ಬರುತ್ತದೆ. ಅದೇ ಎರಡು ಪ್ರಶ್ನೆ ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕಲಿತುಕೊಳ್ಳಿ. ನಾನು ರೋಗಿಗಳ ಹತ್ತಿರವೇ ಕಲಿತೆ.

ಉಪವಾಸದ ಮಾತನ್ನು ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ತೆಗೆಯಬೇಕು. ಆಗ ಡಾಕ್ಟರು ಯಾರು ಹಿಡಿಯಬಹುದು, ಯಾರು ಬೇಡ ಎಂದು ನೋಡಿ ಮಾತ್ರೆಯ ಹೊತ್ತು ಬದಲಿಸಿ ಕೊಡುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡಿದರೆ ಉಪವಾಸ ಮುರಿಯುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಮುರಿಯುವುದಿಲ್ಲ ಎಂದೇ ಹೆಚ್ಚಿನ ಧರ್ಮಗುರುಗಳು ಹೇಳುತ್ತಾರೆ. ಅನುಮಾನ ಇದ್ದರೆ ಅವರ ಉಸ್ತಾದರನ್ನೇ ಕೇಳಿ ಬರಲು ಹೇಳಿ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆ ದಿನ ಬಿಡಲೇಬೇಕು, ಇದನ್ನು ಮನೆಯವರಿಗೂ ಹೇಳಿಡಿ. ನೀರೂ ಕುಡಿಯದೆ ಏಕಾದಶಿ ಮಾಡುವ ನಮ್ಮ ಉಡುಪಿಯ ಅಜ್ಜಿಯರಿಗೂ ಇಷ್ಟೇ ಜಾಗ್ರತೆ ಬೇಕು.

ರಜೆ ಸಿಕ್ಕಿದ ದಿನ ಒಮ್ಮೆ ಬಂದು ನನ್ನ ಪಕ್ಕ ಕೂತು ನೋಡಿ, ಡಾಕ್ಟರ ಹತ್ತಿರ ನಾನು ಕೇಳಿಡುತ್ತೇನೆ. ಬೆಳಿಗ್ಗೆ 7ಕ್ಕೇ ಬನ್ನಿ. ಫಾಸ್ಟಿಂಗ್ ರಕ್ತ ಕೊಡುವವರು ಆ ಹೊತ್ತಿಗೆ ಬಂದು ಕೂತಿರುತ್ತಾರೆ, ರಕ್ತ ಕೊಟ್ಟು ತಿಂಡಿ ತಿಂದು ಎರಡು ಗಂಟೆ ಕಾಯುತ್ತಾರಲ್ಲ, ನಾವು ಅವರ ಹತ್ತಿರ ಕೂರುವುದು ಆಗಲೇ.