ಆರು ವೋಲ್ಟ್ ಬ್ಯಾಟರಿ: ಎಂಜಿನ್ ನಿಂತಿರುವಾಗ ದೀಪ ಹಾಕಿದರೆ ಮುಳ್ಳು ಚಾರ್ಜ್ ಕಡೆಗೆ ಏಕೆ ಹೋಗುತ್ತದೆ?

ಪ್ರಶ್ನೆ (ಕಲಬುರಗಿ)

ನಮ್ಮ ಮನೆಯ 1930ರ ಫೋರ್ಡ್ ಮಾಡೆಲ್ ಎ ಕಾರಿಗೆ 100 ಆಂಪಿಯರ್-ಅವರ್‌ನ ಹೊಸ ಆರು ವೋಲ್ಟ್ ಬ್ಯಾಟರಿ ಹಾಕಿಸಿದ್ದೇನೆ. ಕೂಡಿಸಿದವರು ಲಾರಿ ಕೆಲಸದಲ್ಲಿ ಪಳಗಿದವರು. ಕಾಲಡಿಯ ಹಲಗೆ ಎತ್ತಿ, ಹಳೆಯ ತಟ್ಟೆಯಲ್ಲಿ ಬ್ಯಾಟರಿ ಇಟ್ಟು, ಮೈನಸ್ಸನ್ನು ಚಾಸಿಗೆ, ಪ್ಲಸ್ಸನ್ನು ಸೆಲ್ಫ್‌ಗೆ ಕೊಟ್ಟರು. ಚಾಸಿ ಕಡೆಯ ಕ್ಲಾಂಪ್ ಸಡಿಲವಿದೆ ಎಂದು ಸೀಸದ ತಗಡು ಸುತ್ತಿದರು. ಇನ್ನೊಂದು ಕ್ಲಾಂಪ್ ಇಳಿಯಲೇ ಇಲ್ಲ, ಸುತ್ತಿಗೆಯಿಂದ ಬಡಿದು ಕೂಡಿಸಿದರು.

ಸೆಲ್ಫ್ ಹೊಡೆದರೆ ಎಂಜಿನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ, ಇನ್ನೂ ಚಾಲೂ ಆಗಿಲ್ಲ. ದೀಪ ಹಾಕಿದರೆ ಆಂಪಿಯರ್ ಮೀಟರಿನ ಮುಳ್ಳು ಚಾರ್ಜ್ ಕಡೆಗೆ ವಾಲುತ್ತದೆ. ಎಂಜಿನ್ ನಿಂತಿರುವಾಗ ಚಾರ್ಜ್ ಎಲ್ಲಿಂದ ಬರಬೇಕು? ಶರಣಬಸವೇಶ್ವರರ ಜಾತ್ರೆಗೆ ಈ ಕಾರನ್ನು ತೆಗೆಯುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ದಯವಿಟ್ಟು ತಿಳಿದವರು ಹೇಳಿ. ಇದನ್ನು ಚಾರ್ಜ್ ಮಾಡುವ ಬಗೆಯೂ ಬೇಕು, ಮನೆಯಲ್ಲಿರುವುದು ಹನ್ನೆರಡು ವೋಲ್ಟ್ ಚಾರ್ಜರ್.

ಉತ್ತರ (ಶಹಾಬಾದ್)

ಮೊದಲು ಚಾಸಿಯ ತಂತಿ ಬಿಚ್ಚಿಡಿ, ಎಂಜಿನ್ ಚಾಲೂ ಮಾಡಲು ಹೋಗಬೇಡಿ. ಬ್ಯಾಟರಿ ಉಲ್ಟಾ ಕೂತಿದೆ. ಮಾಡೆಲ್ ಎ ಕಾರಿನಲ್ಲಿ ಪ್ಲಸ್ಸೇ ಅರ್ತ್, ಅಂದರೆ ಚಾಸಿಗೆ ಹೋಗಬೇಕಾದದ್ದು ಪ್ಲಸ್. ಲಾರಿಯಲ್ಲಿ ಮೈನಸ್ ಚಾಸಿಗೆ ಹೋಗುತ್ತದೆಂದು ಇಲ್ಲೂ ಹಾಗೆಯೇ ಮಾಡಿದ್ದಾರೆ. ಆ ಕ್ಲಾಂಪುಗಳೇ ಸಾರಿ ಹೇಳುತ್ತಿದ್ದವಲ್ಲ! ಬ್ಯಾಟರಿಯ ಪ್ಲಸ್ ಗೂಟ ಮೈನಸ್ಸಿಗಿಂತ ತುಸು ದಪ್ಪ. ಚಾಸಿಯ ಕ್ಲಾಂಪ್ ದಪ್ಪ ಗೂಟದ ಅಳತೆಯದು, ಅದಕ್ಕೇ ಮೈನಸ್ ಮೇಲೆ ಸಡಿಲವಾಯಿತು. ಬಡಿದ ಗೂಟದ ಬುಡದಲ್ಲಿ ಬಿರುಕು ಅಥವಾ ಆಸಿಡ್ ಜಿನುಗು ಇದೆಯೇ ಎಂದು ಬೆಳಕು ಬಿಟ್ಟು ನೋಡಿ. ಸುತ್ತಿಗೆ ತಾಗಿದ ಬ್ಯಾಟರಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಉಲ್ಟಾ ಕೊಟ್ಟರೂ ಸೆಲ್ಫ್ ಅದೇ ದಿಕ್ಕಿಗೆ ತಿರುಗುತ್ತದೆ, ಬಲ್ಬೂ ಉರಿಯುತ್ತದೆ, ಆದ್ದರಿಂದ ಅನುಮಾನ ಬರುವುದಿಲ್ಲ. ಸುಳ್ಳು ಹೇಳದಿರುವುದು ಮುಳ್ಳು ಮಾತ್ರ: ಮೀಟರಿನಲ್ಲಿ ಕರೆಂಟ್ ಉಲ್ಟಾ ಹರಿಯುವುದರಿಂದ ದೀಪಕ್ಕೆ ಖರ್ಚಾಗುವುದನ್ನೇ ಅದು ಚಾರ್ಜ್ ಎಂದು ತೋರಿಸುತ್ತದೆ. ಎಂಜಿನ್ ಓಡಿದ್ದರೆ ಡೈನಮೊ ಮತ್ತು ಬ್ಯಾಟರಿ ಎದುರುಬದುರಾಗಿ ನಿಂತು ಕಟೌಟಿನ (ಡೈನಮೊವನ್ನು ಬ್ಯಾಟರಿಗೆ ತಾನಾಗಿ ಕೂಡಿಸುವ, ಬಿಡಿಸುವ ಸ್ವಿಚ್ಚಿನ) ಪಾಯಿಂಟುಗಳು ಸುಟ್ಟು ಅಂಟಿಕೊಳ್ಳುತ್ತಿದ್ದವು.

ತಂತಿ ಸರಿಪಡಿಸಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲು, ಡೈನಮೊ ಮೇಲಿರುವ ಕಟೌಟಿನ ಎರಡು ಟರ್ಮಿನಲ್‌ಗಳನ್ನು ಒಂದು ತಂತಿಯಿಂದ ಕ್ಷಣಮಾತ್ರ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ. ಡೈನಮೊದ ಕಾಂತಕ್ಕೆ ಸರಿಯಾದ ದಿಕ್ಕು ಸಿಗುತ್ತದೆ.

ಉತ್ತರ (ಬೀದರ್)

ಇಷ್ಟೆಲ್ಲ ಕಷ್ಟ ಏಕೆ? ಹನ್ನೆರಡು ವೋಲ್ಟಿಗೆ ಬದಲಾಯಿಸಿಬಿಡಿ. ಬ್ಯಾಟರಿ ಎಲ್ಲಿ ಬೇಕಾದರೂ ಸಿಗುತ್ತದೆ, ಸೆಲ್ಫೂ ಜೋರಾಗಿ ತಿರುಗುತ್ತದೆ.

ಉತ್ತರ (ಶಹಾಬಾದ್)

ಬೀದರಿನವರ ಮಾತು ನಾನು ಒಪ್ಪುವುದಿಲ್ಲ. ಈ ಕಾರು ಹೊಸದಿದ್ದಾಗ ಆರು ವೋಲ್ಟಿನಲ್ಲೇ ಚಾಲೂ ಆಗುತ್ತಿತ್ತು. ತೊಂದರೆ ಇರುವುದು ತಂತಿಯಲ್ಲಿ. ಲೆಕ್ಕ ನೋಡಿ: ಸೆಲ್ಫ್‌ಗೆ 900 ವ್ಯಾಟ್ ಬೇಕೆಂದರೆ ಹನ್ನೆರಡು ವೋಲ್ಟಿನಲ್ಲಿ 75 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 150 ಬೇಕು. ದಾರಿಯಲ್ಲಿ 0.005 ಓಮ್ ತಡೆ ಇದ್ದರೆ ಅಲ್ಲಿ ಹೋಗುವುದು 0.375 ವೋಲ್ಟ್, ಇಲ್ಲಿ 0.75. ಹನ್ನೆರಡರಲ್ಲಿ ಮೂವತ್ತೆರಡನೆಯ ಒಂದು ಭಾಗ ಹೋದರೆ, ಆರರಲ್ಲಿ ಎಂಟನೆಯ ಒಂದು ಭಾಗ!

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಾರಿನ ತಂತಿ ಇದಕ್ಕೆ ಸಾಲದು. ವೆಲ್ಡಿಂಗ್ ಕೆಲಸದ ತಾಮ್ರದ ಕೇಬಲ್, 50 ಅಥವಾ 70 ಚದರ ಮಿಲಿಮೀಟರಿನದು, ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಕಿವಿ) ಒತ್ತಿಸಿ ಹಾಕಿ. ಚಾಸಿಯಲ್ಲಿ ಅರ್ತ್ ಬೋಲ್ಟ್ ಕೂರುವ ಜಾಗದ ಬಣ್ಣ, ತುಕ್ಕು ಎಲ್ಲವನ್ನೂ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಆಮೇಲೆ ಒಬ್ಬರು ಸೆಲ್ಫ್ ಹೊಡೆಯುತ್ತಿರಲಿ, ನೀವು ಬ್ಯಾಟರಿಯ ಪ್ಲಸ್ ಗೂಟಕ್ಕೂ ಸೆಲ್ಫಿನ ಮೈಗೂ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಮತ್ತೆ ಉಜ್ಜಿ.

ಉತ್ತರ (ಯಾದಗಿರಿ)

ಚಾರ್ಜಿಂಗ್ ವಿಷಯ ನಾನು ಹೇಳುತ್ತೇನೆ. ಇದರಲ್ಲಿ ಮೂರು ಸೆಲ್, ತುಂಬಿದಾಗ ಸುಮಾರು 6.3ರಿಂದ 6.4 ವೋಲ್ಟ್. ಮನೆಯ ಹನ್ನೆರಡು ವೋಲ್ಟ್ ಚಾರ್ಜರ್ ನೇರವಾಗಿ ಕೊಟ್ಟರೆ ಆಸಿಡ್ ಕುದಿದು ಪ್ಲೇಟು ಹಾಳಾಗುತ್ತದೆ. ಆದರೆ ಬ್ಯಾಟರಿ ಅಂಗಡಿಯಲ್ಲಿ ಹಲವು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಒಂದೇ ಕರೆಂಟ್ ಹರಿಸುತ್ತಾರಲ್ಲ, ಆ ಸಾಲಿನಲ್ಲಿ ನಿಮ್ಮದನ್ನೂ ಸೇರಿಸಬಹುದು. ಕರೆಂಟ್ 10 ಆಂಪಿಯರ್ ಮೀರದಿರಲಿ, 5 ಇದ್ದರೆ ಇನ್ನೂ ಒಳ್ಳೆಯದು.

ಆರು ವೋಲ್ಟ್ ಚಾರ್ಜರ್ ಕೊಂಡರೆ 7.2 ವೋಲ್ಟಿನ ಆಸುಪಾಸಿಗೆ ನಿಲ್ಲುವಂಥದ್ದನ್ನು ನೋಡಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ 7 ವೋಲ್ಟ್ ಸಾಕು. ಬೆಳಗಿನ ತಂಪಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಿ. ಹೊರಬರುವುದು ಹೈಡ್ರೋಜನ್, ಬೀಡಿ ಹಚ್ಚಿದವರು ಹತ್ತಿರ ಸುಳಿಯಬಾರದು. ಆಸಿಡ್ 50 ಡಿಗ್ರಿ ಮುಟ್ಟಿದರೆ ನಿಲ್ಲಿಸಿ, ಆರಲು ಬಿಡಿ. ಪ್ಲೇಟು ಮುಳುಗಿದ್ದರೆ ನೀರು ಹಾಕುವುದು ಚಾರ್ಜ್ ಮುಗಿದ ಮೇಲೆ, ಅದೂ ಡಿಸ್ಟಿಲ್ಡ್ ನೀರು ಮಾತ್ರ.

ಪ್ರಶ್ನೆ ಕೇಳಿದವರು (ಕಲಬುರಗಿ)

ಶಹಾಬಾದಿನ ಕಾಕಾ ಅವರಿಗೆ ಶರಣು. ಗೂಟದಲ್ಲಿ ಬಿರುಕಿಲ್ಲ. ಹೊಸ ಕೇಬಲ್ ಹಾಕಿ ಮೊದಲು ಅಳೆದಾಗ 0.9 ವೋಲ್ಟ್ ಬಂತು. ಅರ್ತ್ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಬಣ್ಣದ ಮೇಲೆ ಬಣ್ಣ, ಉಗುರಿನಷ್ಟು ದಪ್ಪ. ಉಜ್ಜಿದ ಮೇಲೆ 0.1. ಅಂಗಡಿಯಲ್ಲಿ ಚಾರ್ಜ್ ಮಾಡಿಸಿ ತಂದು ಸೆಲ್ಫ್ ಹೊಡೆದರೆ ಎಂಜಿನ್ ಥಟ್ಟನೆ ಹಿಡಿಯಿತು! ಈಗ ಓಡುವಾಗ ಮುಳ್ಳು 15ರ ಮೇಲೆ ನಿಲ್ಲುತ್ತದೆ. ಇದು ಹೆಚ್ಚಾಯಿತೇ?

ಉತ್ತರ (ಶಹಾಬಾದ್)

ಹಗಲು ಓಡಿಸುವವರಿಗೆ ಹೆಚ್ಚೇ. ಈ ಡೈನಮೊಗೆ ರೆಗ್ಯುಲೇಟರ್ ಇಲ್ಲ, ಒಳಗಿನ ಮೂರನೆಯ ಬ್ರಷ್ (ಸರಿಸಬಹುದಾದ ಇಂಗಾಲದ ತುಂಡು) ಎಲ್ಲಿ ಕೂತಿದೆಯೋ ಅಷ್ಟೇ ಕರೆಂಟ್, ಬ್ಯಾಟರಿ ತುಂಬಿದರೂ ತಳ್ಳುತ್ತಲೇ ಇರುತ್ತದೆ. ಬ್ರಷ್ ಸರಿಸಿ 10ಕ್ಕೆ ಇಳಿಸಿ. ಅಲ್ಲಿಯವರೆಗೆ ದೂರ ಹೋಗುವಾಗ ಹಗಲಲ್ಲೂ ದೀಪ ಹಾಕಿಕೊಳ್ಳಿ. ಇನ್ನೊಂದು, ಬ್ಯಾಟರಿ ತಂತಿ ಬಿಚ್ಚಿ ಎಂಜಿನ್ ಓಡಿಸಲು ಯಾರಿಗೂ ಬಿಡಬೇಡಿ. ಕರೆಂಟ್ ಹೋಗಲು ದಾರಿ ಇಲ್ಲದಿದ್ದರೆ ಡೈನಮೊದ ವೋಲ್ಟೇಜ್ ಏರಿ ವೈಂಡಿಂಗ್ ಸುಟ್ಟುಹೋಗುತ್ತದೆ.