ಕಾಫಿ ತೊಟ್ಟಿಯ ಯೀಸ್ಟ್ ಚಳಿಗೆ ಮಂಕಾಗಿದೆ, ಜೀನ್ ಎಡಿಟ್ ಮಾಡಿದ ತಳಿ ಬೇಕಾ?

ಸೋಮವಾರಪೇಟೆ_ತೋಟ: ಅರೇಬಿಕಾ ಪಲ್ಪ್ ಮಾಡಿ ತೊಟ್ಟಿಗೆ ಯೀಸ್ಟ್ ಹಾಕ್ತೀನಿ. ಮೊದಲ ಸಲ ಚೆನ್ನಾಗಿ ಬಂತು. ಅದೇ ನೀರನ್ನು ಮುಂದಿನ ತೊಟ್ಟಿಗೆ ಹೆಪ್ಪು ಹಾಕ್ತಾ ಬಂದೆ. ಈಗ ಡಿಸೆಂಬರ್ ಚಳಿಗೆ ಬೆಳಗಾದರೂ ಬೀಜದ ಮೇಲಿನ ಲೋಳೆ ಬಿಡಲ್ಲ. ಬೀಜ ಉಜ್ಜಿದರೆ ಗರಗರ ಅನ್ನಬೇಕಲ್ವಾ, ಕೈಯಿಂದ ಜಾರುತ್ತೆ. ವಿನೆಗರ್ ವಾಸನೆ ಬೇರೆ. ತಳಿ ಕೆಟ್ಟಿತಾ? ಕ್ರಿಸ್ಪರ್ ಅಂತ ಜೀನ್ ಕತ್ತರಿಸಿ ಬದಲಿಸೋ ವಿಧಾನದಲ್ಲಿ ಚಳಿ ತಡೆಯೋ ಯೀಸ್ಟ್ ಮಾಡಿಸಬಹುದು ಅಂತಾರೆ ಪರಿಚಯದವರು.

ಹುದುಗು_ಮೇಷ್ಟ್ರು: ತಳಿಯ ಮೇಲೆ ತಪ್ಪು ಹೊರಿಸಬೇಡಿ ಸರ್. ವಿನೆಗರ್ ವಾಸನೆ ಅಂದರೆ ಅಸಿಟಿಕ್ ಬ್ಯಾಕ್ಟೀರಿಯಾ ಸೇರಿಕೊಂಡಿವೆ. ಒಂದೇ ಹೆಪ್ಪನ್ನು ಎಳೆದಷ್ಟೂ ಅವುಗಳದ್ದೇ ಕಾರುಬಾರು. ಹಳೇ ನೀರು ಚೆಲ್ಲಿ, ತೊಟ್ಟಿ ಉಜ್ಜಿ ಬಿಸಿಲಿಗೆ ಒಣಗಿಸಿ. ಪ್ರತಿ ತೊಟ್ಟಿಗೂ ಹೊಸ ಯೀಸ್ಟ್ ಹಾಕಿ, ರಾತ್ರಿ ಟಾರ್ಪಾಲ್ ಹೊದಿಸಿ.

ಇನ್ನು ಕ್ರಿಸ್ಪರ್. ಎಲ್ಲಿ ಕತ್ತರಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಚಳಿ ತಡೆಯೋದು ಒಂದು ಜೀನ್‌ನ ಕೆಲಸವಲ್ಲ, ಕೋಶದ ಪೊರೆಯ ಕೊಬ್ಬಿನಿಂದ ಹಿಡಿದು ಎಷ್ಟೋ ಸೇರುತ್ತವೆ. ಇಂಥದ್ದಕ್ಕೆ ತಂಪಿನಲ್ಲೇ ತಲೆಮಾರುಗಟ್ಟಲೆ ಬೆಳೆಸಿ, ಚುರುಕಾದ್ದನ್ನು ಆರಿಸೋ ಹಳೇ ದಾರಿಯೇ ವಾಸಿ. ಪೆನಿಸಿಲಿನ್ ನೋಡಿ: 1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಕರಬೂಜದ ಮೇಲೆ ಸಿಕ್ಕ ಬೂಷ್ಟಿಗೆ ಎಕ್ಸ್-ರೇ, ಯುವಿ (ನೇರಳಾತೀತ ಕಿರಣ) ಹಾಯಿಸಿ ಜೀನ್ ಎಲ್ಲೆಂದರಲ್ಲಿ ಬದಲಾಗುವಂತೆ ಮಾಡಿ, ಬದುಕಿದ್ದರಲ್ಲಿ ಒಳ್ಳೇದನ್ನು ಆರಿಸುತ್ತಾ ಹೋದರು. ಯಾವ ಜೀನ್ ಬದಲಾಯಿತು ಅಂತ ಆಗ ಯಾರಿಗೂ ಗೊತ್ತಿಲ್ಲ, ಇಳುವರಿ ಮಾತ್ರ ಏರಿತು. ಜೊತೆಗೆ ಬೇಡದ ದೋಷಗಳೂ ಬರುತ್ತವೆ, ಅದು ಬೇರೆ ತಲೆನೋವು.

ಕೆಲವು ಯೀಸ್ಟ್ ಕೊಡೋ ಲವಂಗದಂಥ ವಾಸನೆ ತೆಗೆಯಬೇಕು ಅಂದಿದ್ದರೆ ನಾನೂ ಕ್ರಿಸ್ಪರ್ ಅಂತಿದ್ದೆ. ಅದಕ್ಕೆ ಕಾರಣ ಪಿಎಡಿ1, ಎಫ್‌ಡಿಸಿ1 ಅನ್ನೋ ಜೀನ್‌ಗಳು ಅಂತ ಗೊತ್ತಿದೆ. ಉದ್ಯಮದ ಯೀಸ್ಟ್‌ಗಳಲ್ಲಿ ಒಂದೇ ಜೀನ್‌ನ ಹಲವು ಪ್ರತಿಗಳಿರುತ್ತವೆ. ಯುವಿಯಿಂದ ಒಂದು ಕೆಟ್ಟರೆ ಉಳಿದವು ಅದೇ ಕೆಲಸ ಮಾಡಿಬಿಡುತ್ತವೆ. ಕ್ರಿಸ್ಪರ್ ಎಲ್ಲವನ್ನೂ ಒಟ್ಟಿಗೆ ಕತ್ತರಿಸಬಲ್ಲದು.

ಸೋಮವಾರಪೇಟೆ_ತೋಟ: ಹೊರಗಿನ ಜೀನ್ ಸೇರಿಸದಿದ್ದರೆ ಸರ್ಕಾರದ ಅನುಮತಿ ನಿಯಮದಿಂದ ವಿನಾಯಿತಿ ಇದೆಯಲ್ಲ, ಭತ್ತಕ್ಕೆ ಕೊಟ್ಟ ಹಾಗೆ?

ಹುದುಗು_ಮೇಷ್ಟ್ರು: 2022ರ ವಿನಾಯಿತಿ ಗಿಡಗಳಿಗೆ ಮಾತ್ರ. ಜೀನ್ ಬದಲಿಸಿದ ಜೀವಿಗಳ ಬಗೆಗಿನ 1989ರ ನಿಯಮದ ಪ್ರಕಾರ ಜೀನ್‌ನ ತುಂಡು ತೆಗೆದು ಹಾಕೋದೂ ಜೆನೆಟಿಕ್ ಇಂಜಿನಿಯರಿಂಗೇ. ಲ್ಯಾಬಿನ ಮುಚ್ಚಿದ ಫರ್ಮೆಂಟರ್ ಬೇರೆ, ನಿಮ್ಮ ತೆರೆದ ತೊಟ್ಟಿ ಬೇರೆ. ತೊಳೆದ ನೀರು ಪರಿಸರಕ್ಕೆ ಸೇರುತ್ತೆ ಅಂದಮೇಲೆ ಇಂಥ ಜೀವಿಗಳಿಗೆ ಅನುಮತಿ ಕೊಡೋ ಕೇಂದ್ರದ ಸಮಿತಿ ಜಿಇಎಸಿಯ ಬಾಗಿಲು ತಟ್ಟಬೇಕು. ಒಂದು ತೊಟ್ಟಿ ಲೋಳೆಗೆ ಅಷ್ಟು ಅಲೆದಾಟ ಯಾಕೆ ಮಾರಾಯ್ರೇ? ಬೆಳಗಿನ ಜಾವ ತೊಟ್ಟಿ ನಡುವಿನ ಉಷ್ಣಾಂಶ ಅಳೆದು ಇಲ್ಲಿ ಹಾಕಿ, ಯೀಸ್ಟ್ ಎಷ್ಟು ಹಾಕಬೇಕು ನೋಡೋಣ.