ಒಂದೇ ಸಲ 30 ಜನ ಗಾಯಾಳುಗಳು ಬಂದರೆ ಸಿಸ್ಟರ್ ಮೊದಲು ಏನು ಮಾಡಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ರಾತ್ರಿ ಬಸ್ ಪಲ್ಟಿಯಾಗಿ ಸುಮಾರು 30 ಜನ ಬಂದರು. ಡ್ಯೂಟಿಯಲ್ಲಿ ಇದ್ದದ್ದು ಒಬ್ಬರು ಡಾಕ್ಟರ್, ನಾವಿಬ್ಬರು ಸಿಸ್ಟರ್‌ಗಳು. ಮೊದಲು ಬಂದವರನ್ನೆಲ್ಲ ಬೆಡ್ ಮೇಲೆ ಮಲಗಿಸಿ ಡ್ರೆಸ್ಸಿಂಗ್ ಶುರು ಮಾಡಿದೆವು. ಅರ್ಧ ಗಂಟೆ ಬಿಟ್ಟು 108ರಲ್ಲಿ ಸೀರಿಯಸ್ ಆದವರು ಬಂದಾಗ ಒಂದು ಬೆಡ್ಡೂ ಖಾಲಿ ಇರಲಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಸಿಸ್ಟರ್, ನನಗೂ ಹೀಗೇ ಆಗಿದೆ. ಇಂಥ ಹೊತ್ತಿನಲ್ಲಿ ಮೊದಲು ಬರುವವರು ನಡೆಯುವ ಶಕ್ತಿ ಇರುವವರು, ಸಿಕ್ಕಿದ ಆಟೋ, ಜೀಪು ಹತ್ತಿ ಬಂದುಬಿಡುತ್ತಾರೆ. ಸೀಟಿನಡಿ ಸಿಕ್ಕಿಕೊಂಡವರನ್ನು ಬಿಡಿಸಿ ತರಲು ಹೊತ್ತು ಹಿಡಿಯುತ್ತದೆ, ಅಲ್ವಾ?

ಅದಕ್ಕೇ ನಿಮ್ಮಲ್ಲೊಬ್ಬರು ಬಾಗಿಲಲ್ಲೇ ನಿಂತು, ಯಾರಿಗೆ ಮೊದಲು ಚಿಕಿತ್ಸೆ ಬೇಕು ಅಂತ ನೋಡಿ ಬಣ್ಣದ ಪಟ್ಟಿ ಕಟ್ಟಬೇಕು. ನಡೆಯುವವರೆಲ್ಲ ಹಸಿರು, ಅವರು ಓಪಿಡಿ ಬೆಂಚಿಗೆ. ಉಳಿದವರಲ್ಲಿ ಮೂರೇ ನೋಡಿ. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದೆಯಾ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯಾ, 'ನನ್ನ ಕೈ ಹಿಡೀರಿ' ಅಂದರೆ ಹಿಡಿಯುತ್ತಾರಾ. ಇದರಲ್ಲಿ ಒಂದು ಕೆಟ್ಟರೂ ಕೆಂಪು, ಮೊದಲ ಚಿಕಿತ್ಸೆ ಅವರಿಗೆ. ಮೂರೂ ಸರಿ ಇದ್ದು ನಡೆಯಲು ಆಗದಿದ್ದರೆ ಹಳದಿ, ಅವರು ಕೆಂಪಿನವರ ನಂತರ. ಉಗುರು ಒತ್ತಿ ಬಿಟ್ಟು, ಅದರ ಬಣ್ಣ 2 ಸೆಕೆಂಡ್ ಒಳಗೆ ವಾಪಸ್ ಬರುತ್ತದಾ ಅಂತ ನೋಡುವ ಪದ್ಧತಿಯೂ ಇದೆ, ಆದರೆ ರಾತ್ರಿ ಮಂದ ಬೆಳಕಿನಲ್ಲಿ ಅದನ್ನು ನಂಬಬೇಡಿ. ಒಬ್ಬರಿಗೆ ಒಂದು ನಿಮಿಷವೂ ಬೇಡ. ಬಾಗಿಲಲ್ಲಿ ನಿಂತವರು ಉಸಿರಿನ ದಾರಿ ಬಿಡಿಸುವುದು, ಸುರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದು ಬಿಟ್ಟು ಬೇರೆ ಚಿಕಿತ್ಸೆಗೆ ಕೈ ಹಾಕಬಾರದು. ಜೋರಾಗಿ ಕೂಗುವವರಿಗಿಂತ ಸುಮ್ನೆ ಮಲಗಿದವರ ಹತ್ತಿರ ಮೊದಲು ಹೋಗಿ. ಬೆಂಚಿನ ಮೇಲಿನವರನ್ನೂ ಆಗಾಗ ನೋಡುತ್ತಿರಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಉಸಿರೇ ಇಲ್ಲದವರನ್ನು ಬಿಟ್ಟು ಹೋಗಬೇಕಾ ಮೇಡಂ? ಮನಸ್ಸು ಒಪ್ಪುವುದಿಲ್ಲ.

ಉತ್ತರ: ದವಡೆ ಮುಂದಕ್ಕೆ ತಂದು ಬಾಯಿ ತೆರೆದು ನೋಡಿ. ಉಸಿರು ಬಂದರೆ ಕೆಂಪು. ಬರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗಲೇಬೇಕು. ಇರುವ ಮೂವರೂ ಅವರ ಎದೆ ಒತ್ತುತ್ತಾ ನಿಂತರೆ ಪಕ್ಕದಲ್ಲಿರುವ ಕೆಂಪು ಪಟ್ಟಿಯವರೂ ಹೋಗುತ್ತಾರೆ. ನಾನು ಮೊದಲ ಸಲ ಕಪ್ಪು ಕಟ್ಟಿದ ಹುಡುಗನ ಅಂಗಿ ಜೇಬಿನಲ್ಲಿ ಬಸ್ ಟಿಕೆಟ್ ಮಡಚಿದ ಹಾಗೇ ಇತ್ತು, ಇವತ್ತಿಗೂ ಮರೆತಿಲ್ಲ. ಮಕ್ಕಳ ವಿಷಯ ಬೇರೆ. ನಾಡಿ ಇದ್ದು ಉಸಿರಿಲ್ಲದಿದ್ದರೆ 5 ಸಲ ಉಸಿರು ಕೊಟ್ಟು ನೋಡಿ.

ಈ ವಾರವೇ ಒಂದು ಡಬ್ಬಿ ಮಾಡಿಡಿ. ನಾಲ್ಕು ಬಣ್ಣದ ಬಟ್ಟೆಪಟ್ಟಿ, ಮಾರ್ಕರ್, ಪ್ಲಾಸ್ಟರ್ ಸಾಕು. ಹೆಸರು ಗೊತ್ತಿಲ್ಲದವರ ಮುಂಗೈಗೆ ಪ್ಲಾಸ್ಟರ್ ಅಂಟಿಸಿ ನಂಬರ್ ಬರೆಯಿರಿ, ಕೇಸ್ ಶೀಟ್ ಮೇಲೂ ರಕ್ತದ ಸ್ಯಾಂಪಲ್ ಮೇಲೂ ಅದೇ ನಂಬರ್. ಕ್ವಾರ್ಟರ್ಸ್‌ನಲ್ಲಿರುವವರ ಫೋನ್ ನಂಬರ್ ಗೋಡೆಗೆ ಅಂಟಿಸಿ. ಆಕ್ಸಿಜನ್ ಸಿಲಿಂಡರ್ ಕೀ ಎಲ್ಲಿದೆ ಅಂತ ಇವತ್ತು ರಾತ್ರಿ ಡ್ಯೂಟಿಗೆ ಹೋದ ತಕ್ಷಣ ನೋಡಿ.